ಅರ್ಧಕ್ಕೆ ಎದ್ದು ಬಂದ ಪಾಠ

ಕೊನೆಯ ಪೀರಿಯಡ್ಡು ಮುಗಿಯುವ ಮೊದಲೇ ನಾನು ಏಳುತ್ತಿದ್ದೆ. ಮೇಡಂ ಬೋರ್ಡಿನ ಕಡೆ ತಿರುಗುವುದನ್ನು ಕಾದು, ಚೀಲವನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಜಾರಿಕೊಳ್ಳುತ್ತಿದ್ದೆ. ಬಾಗಿಲ ಪಕ್ಕದ ಬೆಂಚು ಹಿಡಿದದ್ದೇ ಅದಕ್ಕೆ. ಕಾಲೇಜು ಹೊಸಕೋಟೆಯಿಂದ ತುಸು ಆಚೆ. ನನ್ನ ಮೆಡಿಕಲ್ ಸ್ಟೋರು ನಂದಗುಡಿ ಹೋಬಳಿಯ ಒಂದು ಹಳ್ಳಿಯಲ್ಲಿ. ಆ ಬಸ್ಸು ತಪ್ಪಿದರೆ ಸಂಜೆ ಡೇರಿ ಹೊತ್ತಿಗೆ ಊರು ಸೇರುವಂತಿರಲಿಲ್ಲ. ನಮ್ಮಲ್ಲಿ ಔಷಧಿ ವ್ಯಾಪಾರ ನಡೆಯುವುದೇ ಡೇರಿ ಹೊತ್ತಿನಲ್ಲಿ. ಜನ ಹಾಲು ಹಾಕಿ, ಖಾಲಿ ಕ್ಯಾನು ತೋಳಿಗೆ ಸಿಕ್ಕಿಸಿಕೊಂಡು ಬಂದು, ಅಂಗಡಿ ಕಟ್ಟೆಗೆ ಒರಗಿ ನಿಂತು, ಮಳೆ ಬೆಳೆಯ ಮಾತಿನ ನಡುವೆ ತಮ್ಮ ನೋವು ಹೇಳಿಕೊಳ್ಳುತ್ತಾರೆ.

ನಾನು ಏಳುವುದು ಮೇಡಂಗೆ ಗೊತ್ತಿತ್ತು. ನೋಡಿಯೂ ನೋಡದಂತೆ ಇರುತ್ತಿದ್ದರು. ಹಾಜರಿಯನ್ನೂ ಪೂರ್ತಿ ಹಾಕುತ್ತಿದ್ದರು. ನನ್ನ ಮಗಳ ವಯಸ್ಸಿನವರು, ನನ್ನನ್ನು ಹೆಸರು ಹಿಡಿದು ಕರೆಯಲಾರದೆ 'ಸರ್' ಎನ್ನುತ್ತಿದ್ದರು. ಅದು ಅವರ ಒಳ್ಳೆಯತನ. ಅದನ್ನು ನಾನು ಹೇಗೆ ಬಳಸಿಕೊಂಡೆ, ಅದರಿಂದ ಒಬ್ಬ ಹೆಣ್ಣುಮಗಳ ಜೀವಕ್ಕೆ ಏನು ಬಂತು ಎಂಬುದನ್ನು ಹೇಳಿಬಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅರವತ್ತರ ಹತ್ತಿರ ಬಂದವನು ಕಾಲೇಜಿಗೆ ಯಾಕೆ ಹೋದ ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು. ಪಿಯುಸಿ ಮುಗಿಸಿದ ಹೊಸದರಲ್ಲಿ, ಫಾರ್ಮಸಿಸ್ಟ್ ಆಗಲು ಬೇಕಾದ ಡಿ.ಫಾರ್ಮಾ ಎಂಬ ಎರಡು ವರ್ಷದ ಕೋರ್ಸು ಸೇರಿದ್ದೆ. ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಮಾತ್ರೆಗಳ ಹೆಸರು ಬಾಯಿಗೆ ಬಂದವು, ಇನ್ನು ಓದುವುದೇನಿದೆ ಎಂದು ಮೊದಲ ವರ್ಷವೇ ಬಿಟ್ಟೆ. ಆಮೇಲೆ ಊರಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಅದರ ಗೋಡೆಯ ಮೇಲೆ ಗಾಜು ಹಾಕಿ ತೂಗುಹಾಕಿದ್ದ ಫಾರ್ಮಸಿಸ್ಟ್ ಸರ್ಟಿಫಿಕೇಟು ನನ್ನದಾಗಿರಲಿಲ್ಲ. ಅದರ ಒಡೆಯ ಬೆಂಗಳೂರಿನ ಒಂದು ಔಷಧಿ ಕಂಪನಿಯಲ್ಲಿದ್ದ. ಒಂದು ದಿನ ಅವನೇ ಬಂದು ಹೇಳಿದ:

"ಈಗೆಲ್ಲಾ ಆನ್‌ಲೈನ್ ಆಗೋಯ್ತು ಗುರು. ನನ್ ಹೆಸ್ರು ಎರಡು ಕಡೆ ಇರಂಗಿಲ್ಲ. ನೀನೇ ಓದ್ಬಿಡು. ಓದಿ ಮುಗಿಸೋಗಂಟ ಹೆಂಗಾದ್ರೂ ತಡೀತೀನಿ."

"ಈ ವಯಸ್ನಲ್ಲಾ?"

"ಮಾತ್ರೆ ಮಾರಕ್ಕೆ ವಯಸ್ಸಿದೆ, ಓದಕ್ಕಿಲ್ವಾ?"

ಹೀಗೆ ಹೋದೆ. ಕಲಿಯಬೇಕೆಂಬ ಆಸೆಯಿಂದಲ್ಲ, ಗೋಡೆಯ ಮೇಲಿನ ಹೆಸರು ಬದಲಾಯಿಸಲು.

ದಿನ ಹೀಗಿರುತ್ತಿತ್ತು. ಬೆಳಗಿನ ಡೇರಿ ಹೊತ್ತಿಗೆ ಷಟರ್ ಎತ್ತುವುದು. ಜನ ಕರಗಿದ ಮೇಲೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಸ್ಸಿಗೆ ಓಡುವುದು. ಬಸ್ಸಿನಲ್ಲಿ ಕನ್ನಡಕ ಏರಿಸಿ ಪುಸ್ತಕ ತೆರೆಯುವುದು, ಎರಡು ಸಾಲು ಓದುವಷ್ಟರಲ್ಲಿ ನಿದ್ದೆ ಹೋಗುವುದು. ಕಂಡಕ್ಟರ್ ಭುಜ ತಟ್ಟಿ, "ಯಜಮಾನ್ರೇ, ನಿಮ್ ಇಸ್ಕೂಲ್ ಬಂತು" ಎನ್ನುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಸಂಜೆ ಮತ್ತೆ ಅಂಗಡಿ. ಊಟ ಮಾಡುವಾಗ ಮುದ್ದೆ ಮುರಿದ ಕೈ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು. ಹೆಂಡತಿ "ರೀ" ಎಂದು ಕೂಗಿದಾಗ ಎಚ್ಚರ. ಆ ಎರಡು ವರ್ಷದ ಬಗ್ಗೆ ನನಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಕಣ್ಣಿನ ಉರಿ ಮತ್ತು ಮೀನಖಂಡದ ನೋವು.

ನಾನಿಲ್ಲದಾಗ ಅಂಗಡಿ ನೋಡುವ ಹೆಂಡತಿಗೆ ಮಾತ್ರೆಗಳು ಹೆಸರಿನಿಂದಲ್ಲ, ಜಾಗದಿಂದ ಗೊತ್ತು. ಪಾಠದ ನಡುವೆ ಫೋನು ನಡುಗಿದರೆ ಹೊರಗೆ ಹೋಗಿ ಕಿವಿಗಿಟ್ಟುಕೊಳ್ಳುತ್ತಿದ್ದೆ. "ಆ ಬಿಪಿ ಮಾತ್ರೆ ಎರಡನೇ ಸಾಲಲ್ಲಿತ್ತಲ್ಲ, ಎಲ್ಲೆತ್ತಿಟ್ರಿ?" ಎಂದು ಕೇಳುವಳು. ನಾನು ಮೂಲೆಯಲ್ಲಿ ನಿಂತು ಪಿಸುಗುಟ್ಟುವೆ: "ಮೂರನೇದು, ನೀಲಿ ಡಬ್ಬಿ ಪಕ್ಕ." ಒಳಗೆ ಮೇಡಂ, ಔಷಧಿಯನ್ನು ಕೊಡುವ ಮುಂಚೆ ಅದರ ಹೆಸರನ್ನು ಹೇಗೆ ಖಚಿತ ಮಾಡಿಕೊಳ್ಳಬೇಕು ಎಂದು ಹೇಳುತ್ತಿರುತ್ತಿದ್ದರು.

ಮೊದಲ ವರ್ಷದ ಲ್ಯಾಬಿನಲ್ಲಿ ನಡೆದದ್ದೊಂದನ್ನು ಹೇಳಬೇಕು. ಖಲ್ಲಿನಲ್ಲಿ ಪುಡಿ ಅರೆದು, ತೂಗಿ, ನೀರು ಅಳೆದು ಒಂದು ಕೆಮ್ಮಿನ ಮಿಕ್ಸ್ಚರ್ ಮಾಡುವುದಿತ್ತು. ಕೈ ಪಳಗಿದವನು, ಎಲ್ಲರಿಗಿಂತ ಮೊದಲು ಮುಗಿಸಿ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಲ್ಯಾಬಿನ ಮೇಷ್ಟ್ರು ಎತ್ತಿ ನೋಡಿದರು.

"ಇದೇನು?"

"ಕೆಮ್ಮಿನ ಔಷಧಿ ಸರ್."

"ಯಾರ್ ಹೇಳಿದ್ದು?"

"ನಾನೇ ಮಾಡಿದ್ದಲ್ವಾ ಸರ್."

"ನೀವು ಮನೆಗೆ ಹೋದ್ಮೇಲೆ ಈ ಬಾಟ್ಲಿ ಯಾರನ್ನ ಕೇಳ್ಬೇಕು?" ಎಂದು ನನ್ನ ಎದುರಿಗೇ ಅದನ್ನು ಸಿಂಕಿಗೆ ಸುರಿದರು. ಲೇಬಲ್ ಅಂಟಿಸಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ, "ಪಾಪ ಅಂಕಲ್, ನನ್ನತ್ರ ಗಮ್ ಇತ್ತು, ಕೇಳೋದಲ್ವಾ" ಎಂದಳು. ನನಗೆ ಸಿಟ್ಟು ಬಂದಿತ್ತು. ಜೀವಮಾನವಿಡೀ ಲೇಬಲ್ ಇಲ್ಲದೆ ಕೊಟ್ಟವನು ನಾನು, ಯಾರು ಸತ್ತರು ಎಂದುಕೊಂಡೆ.

ಲೇಬಲ್ ಇಲ್ಲದೆ ಕೊಡುವುದೆಂದರೆ ಏನು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ತಪ್ಪಿನ ಬೇರು ಅಲ್ಲಿದೆ. ನಮ್ಮ ಕಡೆ ಜನ ಡಾಕ್ಟರ ಚೀಟಿ ತರುವುದು ಕಡಿಮೆ. "ಮೈ ಕೈ ನೋವಿಗೆ ಒಂದು ಸೆಟ್ಟು ಕೊಡಪ್ಪ" ಎನ್ನುತ್ತಾರೆ. ಸೆಟ್ಟು ಅಂದರೆ ನಾಲ್ಕೈದು ಬಗೆಯ ಮಾತ್ರೆಗಳನ್ನು ಕೂಡಿಸಿದ ಒಂದು ಹೊತ್ತಿನ ಪೊಟ್ಟಣ. ಮಾತ್ರೆಗಳನ್ನು ಶೀಟಿನಿಂದ ಒತ್ತಿ ತೆಗೆದು ಬರಿಯ ಕಾಗದದ ಕವರಿಗೆ ಹಾಕುತ್ತಿದ್ದೆ. ಶೀಟಿನ ಸಮೇತ ಕೊಟ್ಟರೆ ಹೆಸರು ತೋರಿಸಿ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾರೆ. ಬಿಡಿ ಮಾತ್ರೆಯಾದರೆ ನನ್ನ ಬಳಿಗೇ ಬರಬೇಕು. ಇದು ನಮ್ಮ ಕಸುಬಿನ ಜಾಣತನ. ಆ ಸೆಟ್ಟಿನಲ್ಲಿ ಕೆಲಸ ಮಾಡುತ್ತಿದ್ದುದು ಒಂದು ಚಿಕ್ಕ ಬಿಳಿ ಮಾತ್ರೆ. ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್. ಅದನ್ನು ನುಂಗಿದರೆ ಎಂಥ ನೋವೂ ಇಳಿಯುತ್ತದೆ, ಹಸಿವಾಗುತ್ತದೆ, ಮೈಯಲ್ಲಿ ಹುರುಪು ಬರುತ್ತದೆ. ಜನ ನನ್ನ ಕೈಗುಣ ಎಂದುಕೊಂಡರು. ನಾನೂ ಹಾಗೆಂದೇ ನಂಬಿದ್ದೆ.

ಆ ಬಿಳಿ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುವವರು ಊರಿನಲ್ಲಿ ಕೆಲವರಿದ್ದರು. ಅವರಲ್ಲಿ ಒಬ್ಬಳು ಸೊಪ್ಪಿನಕ್ಕ. ಕೆರೆ ಕೆಳಗಿನ ತುಂಡು ಜಮೀನಿನಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಹೊಸಕೋಟೆ ಮಾರ್ಕೆಟ್ಟಿಗೆ ಕಳಿಸುತ್ತಾಳೆ. ಕುಕ್ಕುರುಗಾಲಿನಲ್ಲಿ ಕೂತು ಕಳೆ ಕಿತ್ತು ಕಿತ್ತು ಮೊಣಕಾಲು ಸವೆದಿದ್ದವು. ನನ್ನನ್ನು 'ತಮ್ಮಯ್ಯ' ಎನ್ನುತ್ತಿದ್ದಳು. ಹೋಗುವಾಗ ಬರುವಾಗ ಒಂದು ಕಟ್ಟು ಸೊಪ್ಪು ಕೌಂಟರಿನ ಮೇಲೆ ಎಸೆದು ಹೋಗುವಳು. "ನಿನ್ ಮಾತ್ರೆ ಇಲ್ದಿದ್ರೆ ನಾನು ಯಾವತ್ತೋ ಮೂಲೆ ಸೇರ್ತಿದ್ದೆ ಕಣ್ ತಮ್ಮಯ್ಯ." ಅವಳ ಮುಖ ವರ್ಷದಿಂದ ವರ್ಷಕ್ಕೆ ದುಂಡಗಾಗುತ್ತಿತ್ತು. ಮೈ ತುಂಬಿಕೊಂಡಿದ್ದಾಳೆ ಎಂದು ಊರಿನವರು ಹೇಳುತ್ತಿದ್ದರು.

ಎರಡನೇ ವರ್ಷದಲ್ಲಿ ಕಾಲೇಜಿನೊಳಗೇ ಒಂದು ನಾಟಕದ ಅಂಗಡಿ ಇತ್ತು. ಕೌಂಟರು, ಕಪಾಟು, ಖಾಲಿ ಡಬ್ಬಿಗಳು. ಒಬ್ಬರು ರೋಗಿಯಂತೆ, ಒಬ್ಬರು ಫಾರ್ಮಸಿಸ್ಟಿನಂತೆ ನಟಿಸಬೇಕು. ನನ್ನ ಸರದಿ ಬಂದಾಗ ಹುಡುಗರೆಲ್ಲ, "ಅಂಕಲ್‌ಗೆ ಇದು ಮನೆ ಆಟ, ಫುಲ್ ಮಾರ್ಕ್ಸ್" ಎಂದು ಕೂಗಿದರು. ಗಮ್ಮಿನ ಹುಡುಗಿಯೇ ರೋಗಿ. "ಅಣ್ಣಾ, ಜ್ವರ, ಮೈಕೈ ನೋವು" ಎಂದು ನರಳಿದಳು. ನನ್ನ ಕೈ ತಾನಾಗಿ ಡಬ್ಬಿಗಳ ಕಡೆ ಹೋಯಿತು. ಕಾಗದದ ಕವರು ಮಡಚಿ, ಐದು ಬಗೆ ಹಾಕಿದ ಹಾಗೆ ಮಾಡಿ, ಮುಂದಿಟ್ಟೆ.

ಮೇಡಂ ಆ ಕವರನ್ನು ಎತ್ತಿ ನೋಡಿದರು. ಆಮೇಲೆ ಕೇಳಿದರು: "ಸರ್, ಈಕೆ ಬಸುರಿ. ನೀವು ಕೇಳಿದ್ರಾ?"

ಕ್ಲಾಸು ಹೋ ಎಂದು ನಕ್ಕಿತು. ಹುಡುಗಿ, "ಮೇಡಂ, ನಂಗೇ ಗೊತ್ತಿರ್ಲಿಲ್ಲ!" ಎಂದಳು. ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಆ ದಿನ ನಿದ್ದೆ ಬರಲಿಲ್ಲ.

ಸ್ಟಿರಾಯ್ಡ್ ಪಾಠ ನಡೆದದ್ದು ರಾಗಿ ಕೊಯ್ಲಿನ ಸಮಯದಲ್ಲಿ. ಕೊನೆಯ ಪೀರಿಯಡ್ಡು. ಮೇಡಂ ಒಂದೊಂದಾಗಿ ಹೇಳುತ್ತಾ ಹೋದರು. ಮುಖ ಚಂದ್ರನ ಹಾಗೆ ದುಂಡಗಾಗುತ್ತದೆ. ಹೊಟ್ಟೆ ಬರುತ್ತದೆ, ಕೈಕಾಲು ಸಣ್ಣಗಾಗುತ್ತವೆ. ಚರ್ಮ ತೆಳುವಾಗಿ ಮುಟ್ಟಿದಲ್ಲಿ ಕಂದುತ್ತದೆ. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಅವರು ಪುಸ್ತಕ ಓದುತ್ತಿರಲಿಲ್ಲ, ಸೊಪ್ಪಿನಕ್ಕನನ್ನು ನೋಡಿ ಹೇಳುತ್ತಿದ್ದಂತಿತ್ತು. ಅವಳ ತೋಳಿನ ಮೇಲೆ ನೇರಳೆ ಕಲೆಗಳಿದ್ದವು. ಬುಟ್ಟಿ ತಾಗಿತು ಎನ್ನುತ್ತಿದ್ದಳು.

ಅಷ್ಟರಲ್ಲಿ ಫೋನು ನಡುಗಿತು. ಕೊಯ್ಲಿನವರು ಸೊಂಟ ನೋವೆಂದು ಸಾಲುಗಟ್ಟಿದ್ದಾರೆ, ಬೇಗ ಬನ್ನಿ ಎಂದು ಹೆಂಡತಿಯ ಮೆಸೇಜು. ಮೇಡಂ ಬೋರ್ಡಿನ ಕಡೆ ತಿರುಗಿ ಇನ್ನೊಂದು ತಲೆಬರಹ ಬರೆಯಲು ಶುರು ಮಾಡಿದರು. ಚಾಕ್‌ಪೀಸಿನ ಸದ್ದು ಕೇಳುತ್ತಿತ್ತು. ಅದೇನೆಂದು ಓದುವಷ್ಟು ಹೊತ್ತು ನಾನು ನಿಲ್ಲಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ಬಂದೆ. ಇಷ್ಟು ತಿಳಿದ ಮೇಲೆ ಇನ್ನೇನಿದೆ ಎಂಬ ಭಾವ. ಮೊದಲ ಸಲ ಕಾಲೇಜು ಬಿಟ್ಟಾಗಲೂ ಇದೇ ಭಾವ ಇತ್ತು.

ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಇನ್ನು ಅಕ್ಕನಿಗೆ ಆ ಮಾತ್ರೆ ಇಲ್ಲ. ಆದರೆ ಹೇಳುವುದು ಹೇಗೆ? ಇಷ್ಟು ವರ್ಷ ಕೊಟ್ಟದ್ದು ವಿಷದ ಹಾಗಿತ್ತು ಎಂದು ಹೇಳುವ ಎದೆ ನನಗಿರಲಿಲ್ಲ. ಹೇಳದೆಯೇ ನಿಲ್ಲಿಸುವ ದಾರಿ ಹುಡುಕಿದೆ. ಅಂಗಡಿಯಲ್ಲಿ ಬಿಳಿಯ ಕ್ಯಾಲ್ಸಿಯಂ ಮಾತ್ರೆ ಇತ್ತು. ಹಳೆಯದರ ಜಾಗದಲ್ಲಿ ಅದನ್ನು ಕವರಿಗೆ ಹಾಕಿದೆ. ಅಕ್ಕ ಅಂಗೈಯಲ್ಲಿ ಹೊರಳಿಸಿ ನೋಡಿದಳು.

"ಇದ್ಯಾಕ್ ತಮ್ಮಯ್ಯ ದಪ್ಪಗವೆ?"

"ಕಂಪನಿಯೋರು ಬದಲಾಯ್ಸವ್ರಕ್ಕ. ಮೂಳೆಗೆ ಒಳ್ಳೇದಂತ ಸುಣ್ಣ ಸೇರಿಸವ್ರೆ."

"ಸುಣ್ಣ ಆದ್ರೆ ಎಲೆ ಅಡಿಕೆ ಒಂದ್ ಕೊಟ್ಬುಡು" ಎಂದು ನಕ್ಕು ಹೋದಳು.

ಅಂದು ನನಗೆ ಬಹಳ ನೆಮ್ಮದಿಯಾಗಿತ್ತು. ಓದಿದ್ದು ಸಾರ್ಥಕವಾಯಿತು ಎಂದು ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ತಿಕ್ಕುತ್ತಾ ಕೇಳಿದಳು: "ಅಕ್ಕಂಗೆ ಹೇಳಿದ್ರಾ?" ನಾನು ಪುಸ್ತಕ ತೆರೆದು ಕೂತೆ.

ಕೆಲವು ದಿನಗಳಲ್ಲಿ ಅಕ್ಕ ಬಂದು ಕಟ್ಟೆಯ ಮೇಲೆ ಕೂತಳು. ಸೊಪ್ಪು ತಂದಿರಲಿಲ್ಲ. ನೋವು ತಿರುಗಿ ಬಂದಿದೆ, ಊಟ ಸೇರುತ್ತಿಲ್ಲ, ಕೂತರೆ ಏಳಲು ಮನಸ್ಸಾಗುವುದಿಲ್ಲ ಎಂದಳು. ಹಳೆಯ ಮಾತ್ರೆಯ ಹುರುಪು ಇಳಿದಿದೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಕೊಯ್ಲು ಮುಗೀತಲ್ಲಕ್ಕ, ವಸಿ ಮಲ್ಕೊ" ಎಂದೆ. ಆಗ ಊರಿನಲ್ಲಿ ಜ್ವರವೂ ಓಡಾಡುತ್ತಿತ್ತು. ಅದು ಅವಳನ್ನೂ ಹಿಡಿಯಿತು. ಮಗ ಬಂದು ವಾಂತಿ ಎಂದಾಗ ನೀರಿಗೆ ಬೆರೆಸುವ ಓಆರ್‌ಎಸ್ ಪುಡಿ ಕೊಟ್ಟು ಕಳಿಸಿದೆ.

ಮಾರನೆಯ ಬೆಳಗ್ಗೆ ನಾನು ಬಸ್ಸಿಗೆ ನಿಂತಿದ್ದೆ. ಆ ದಿನ ಕಾಲೇಜಿನಲ್ಲಿ ಸೆಷನಲ್ ಪರೀಕ್ಷೆ. ಸೊಪ್ಪು ಸಾಗಿಸುವ ಗೂಡ್ಸ್ ಆಟೋ ಬಂದು ನನ್ನ ಮುಂದೆ ನಿಂತಿತು. ಹಿಂದೆ ಗೋಣಿತಾಟಿನ ಮೇಲೆ ಅಕ್ಕ ಮಲಗಿದ್ದಳು, ಸೊಸೆಯ ತೊಡೆಯ ಮೇಲೆ ತಲೆ. ಮಗ ಇಳಿದು ಬಂದ.

"ಮಾಮ, ಅವ್ವ ಮಾತೇ ಆಡ್ತಿಲ್ಲ. ಹೊಸಕೋಟೆಗೆ ಕರ್ಕೊಂಡೋಗ್ತಾ ಇದೀನಿ. ನೀವೂ ಬನ್ನಿ ಮಾಮ. ಡಾಕ್ಟ್ರು ಇಂಗ್ಲಿಷಲ್ಲಿ ಏನಾರ ಅಂದ್ರೆ ನಮ್ಗೆಲ್ಲಿ ತಿಳೀತದೆ?"

ಹತ್ತಿದೆ. ದಾರಿಯಲ್ಲಿ ಅವಳ ಕೈ ಹಿಡಿದು ನಾಡಿ ನೋಡಿದೆ. ಬೆರಳಿಗೆ ಸಿಗುತ್ತಿತ್ತು, ಜಾರುತ್ತಿತ್ತು. ಅಂಗೈ ತಣ್ಣಗೆ ಒದ್ದೆಯಾಗಿತ್ತು.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರು. ತಕ್ಷಣ ಡ್ರಿಪ್ ಹಾಕಿಸಿದರು. ಬಿಪಿ ಮತ್ತೆ ಮತ್ತೆ ನೋಡಿದರು. ಗ್ಲೂಕೋಸ್, ಸಲೈನ್ ಹೋಗುತ್ತಿದ್ದರೂ ಬಿಪಿ ಏರುತ್ತಿರಲಿಲ್ಲ. ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿ, ಮಗನ ಕಡೆ ತಿರುಗಿದರು.

"ಇವರು ದಿನಾ ಏನೇನು ಮಾತ್ರೆ ತಗೊಳ್ತಾರೆ?"

"ಸುಣ್ಣದ ಮಾತ್ರೆ ಸಾರ್, ಮೊಣಕಾಲಿಗೆ. ಇನ್ನೇನೂ ಇಲ್ಲ. ಇವ್ರೇ ಕೊಡೋದು."

ಡಾಕ್ಟರು ನನ್ನನ್ನು ನೋಡಿದರು. "ಬರೀ ಕ್ಯಾಲ್ಸಿಯಮ್ಮಾ? ಹಿಂದೆ ಸ್ಟಿರಾಯ್ಡ್ ಏನಾದ್ರೂ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು, "ಕ್ಯಾಲ್ಸಿಯಂ ಅಷ್ಟೇ ಸರ್" ಎಂದೆ.

ಗೊತ್ತಿಲ್ಲದೆ ಮಾಡಿದ್ದಕ್ಕೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದು. ಈ ಮಾತಿಗೆ ಇಲ್ಲ. ಪಕ್ಕದಲ್ಲಿ ಮಗ ನಿಂತಿದ್ದ, ಊರು ನೆನಪಾಯಿತು, ಗೋಡೆಯ ಮೇಲಿನ ಇನ್ನೊಬ್ಬನ ಸರ್ಟಿಫಿಕೇಟು ನೆನಪಾಯಿತು. ಬಾಯಿಗೆ ಸುಳ್ಳು ಬಂತು.

ಹೊರಗೆ ಬಂದು ಗೋಡೆಗೆ ಒರಗಿದೆ. ಸ್ಟಿರಾಯ್ಡ್ ಎಂದು ಡಾಕ್ಟರು ಯಾಕೆ ಕೇಳಿದರು? ಅದನ್ನು ನಾನು ನಿಲ್ಲಿಸಿದ್ದೇನಲ್ಲ, ಕೊಡುತ್ತಿಲ್ಲವಲ್ಲ? ಕೊಟ್ಟರೆ ತಾನೇ ಕೆಡುಕು? ಆಗ ಚಾಕ್‌ಪೀಸಿನ ಸದ್ದು ನೆನಪಾಯಿತು. ಮೇಡಂಗೆ ಫೋನು ಮಾಡಿದೆ.

"ಸರ್, ಎಲ್ಲಿದ್ದೀರಿ? ಕ್ವೆಶ್ಚನ್ ಪೇಪರ್ ಕೊಡ್ತಾ ಇದೀವಿ."

"ಮೇಡಂ, ಆವತ್ತು ಸ್ಟಿರಾಯ್ಡ್ ಪಾಠದಲ್ಲಿ, ನಾನು ಎದ್ದು ಹೋದ್ಮೇಲೆ ಏನು ಹೇಳಿದ್ರಿ?"

"ಅದು ಇವತ್ತಿನ ಪೋರ್ಷನ್ನಲ್ಲಿ ಇಲ್ಲ ಸರ್. ಬೇಗ ಬನ್ನಿ."

"ಹೇಳಿ ಮೇಡಂ."

ಅವರು ಕೋಣೆಯಿಂದ ಹೊರಗೆ ಬಂದಿರಬೇಕು, ಹುಡುಗರ ಸದ್ದು ದೂರವಾಯಿತು. "ನಿಲ್ಲಿಸೋದು ಹೇಗೆ ಅಂತ ಹೇಳಿದೆ ಸರ್. ತುಂಬಾ ದಿನ ತಗೊಂಡವರಿಗೆ ಒಂದೇ ಸಲ ನಿಲ್ಲಿಸಬಾರದು. ಹೊರಗಿಂದ ಸಿಗ್ತಾ ಇದೆ ಅಂತ ದೇಹ ತನ್ನದನ್ನ ತಯಾರಿಸೋದೇ ಬಿಟ್ಟಿರುತ್ತೆ. ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬರ್ಬೇಕು."

"ಒಂದೇ ಸಲ ನಿಲ್ಲಿಸಿಬಿಟ್ರೆ?"

"ಸುಸ್ತು, ವಾಂತಿ, ಬಿಪಿ ಬಿದ್ದೋಗುತ್ತೆ. ಜೊತೆಗೆ ಜ್ವರಗಿರ ಬಂದ್ರೆ ಪ್ರಾಣಕ್ಕೇ ಅಪಾಯ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಸರ್, ಯಾರು?"

ಫೋನು ಜೇಬಿಗಿಟ್ಟುಕೊಂಡು ಒಳಗೆ ನಡೆದೆ. ಡಾಕ್ಟರ ಮುಂದೆ, ಮಗನ ಮುಂದೆ, ಸೊಸೆಯ ಮುಂದೆ ಹೇಳಿದೆ. "ಸರ್, ನಾನು ಸುಳ್ಳು ಹೇಳಿದೆ. ಡೆಕ್ಸಾಮೆಥಸೋನ್. ದಿನಾ. ಬಹಳ ವರ್ಷದಿಂದ ನಾನೇ ಕೊಟ್ಟಿದ್ದೀನಿ. ಈಚೆಗೆ ಇವರಿಗೆ ಹೇಳದೆ ನಿಲ್ಲಿಸಿ ಕ್ಯಾಲ್ಸಿಯಂ ಹಾಕಿದೆ."

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ. ನರ್ಸಿಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ತರಲು ಕೂಗಿ, ತಾವೇ ರಕ್ತನಾಳಕ್ಕೆ ಕೊಟ್ಟರು. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವತ್ತು ನಿಲ್ಲಿಸಿದ್ದು ಎಂದು ಕೇಳಿದರು. ಒಂದೊಂದಕ್ಕೂ ಸರಿಯಾದ ಉತ್ತರ ಕೊಟ್ಟೆ. ಎಲ್ಲ ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಮೊದಲನೇ ಸಲ ಕೇಳಿದಾಗ ಹೇಳ್ಬೇಕಿತ್ತು ನೀವು."

ಮಗ ನನ್ನನ್ನು ಹೊರಗೆ ಕರೆದುಕೊಂಡು ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಸುಣ್ಣ ಅಂದ್ರಲ್ಲ ಮಾಮ."

ನಾನು ತಲೆ ತಗ್ಗಿಸಿದೆ.

"ನಮ್ಮವ್ವ ನಿಮ್ಗೇಂತ ದಂಟಿನ್ ಸೊಪ್ಪಲ್ಲಿ ಎಳೇದು ಆರಿಸಿ ಎತ್ತಿಡೋಳು." ಆಮೇಲೆ ಅವನ ಬಾಯಲ್ಲಿ ಮಾಮ ಎಂಬುದು ಬರಲಿಲ್ಲ. "ಹೋಗಿ ಇಲ್ಲಿಂದ. ಅವ್ವ ಕಣ್ ಬಿಟ್ಟಾಗ ನೀವು ಎದ್ರಿಗೆ ಇರ್ಬೇಡಿ."

ಹೋಗಲಿಲ್ಲ. ಗೇಟಿನ ಹೊರಗೆ ಎಳನೀರು ಮಾರುವವನ ಪಕ್ಕದ ಕಲ್ಲಿನ ಮೇಲೆ ಕೂತೆ. ಪರೀಕ್ಷೆ ಮುಗಿಯುವ ಹೊತ್ತಾಯಿತು, ನನ್ನ ಬಸ್ಸಿನ ಹೊತ್ತಾಯಿತು, ಡೇರಿ ಹೊತ್ತೂ ಆಯಿತು. ಬಿಸಿಲು ಇಳಿಯುವಾಗ ಸೊಸೆ ಎಳನೀರು ಕೊಳ್ಳಲು ಬಂದಳು. ನನ್ನ ಮುಖ ನೋಡದೆ, ಎಳನೀರಿನವನಿಗೆ ಹೇಳುವ ಹಾಗೆ ಹೇಳಿದಳು: "ಎದ್ದು ಕೂತವ್ರೆ. ಮುದ್ದೆ ಕೇಳ್ತಾವ್ರೆ."

ಊರಿಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಮಿಕ್ಕೋರು?" ಎಂದಳು. ಅದು ನನಗೆ ಹೊಳೆದಿರಲಿಲ್ಲ. ಸುದ್ದಿ ಹಬ್ಬಿದರೆ ಆ ಬಿಳಿ ಮಾತ್ರೆ ನುಂಗುತ್ತಿದ್ದ ಉಳಿದವರು ಹೆದರಿ ಒಂದೇ ಸಲಕ್ಕೆ ಬಿಟ್ಟುಬಿಡುತ್ತಾರೆ. ಮರುದಿನ ಬೆಳಕು ಹರಿಯುತ್ತಲೇ ಇಬ್ಬರೂ ಹೊರಟೆವು. ಮನೆ ಮನೆಯ ಮುಂದೆ ನಿಂತು, ನಾನು ಕೊಟ್ಟದ್ದು ಏನು ಎಂದು ಹೇಳಿದೆ. ಅವರ ಕವರುಗಳ ಮೇಲೆ ಮಾತ್ರೆಯ ಹೆಸರು ದಪ್ಪಗೆ ಬರೆದೆ. ಬಿಡಬೇಡಿ, ಇದನ್ನು ಹಿಡಿದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗಿ, ಡಾಕ್ಟರು ಇಳಿಸುತ್ತಾರೆ ಎಂದು ಕೈಮುಗಿದೆ.

ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ, "ನೀನ್ ಓದ್ಲಿ ಅಂತ ನಾವು ಸಾಯ್ಬೇಕೇನ್ಲಾ?" ಎಂದು ಊರುಗೋಲು ಎತ್ತಿದ. ಇನ್ನೊಬ್ಬಾಕೆ, "ಓದಿದ್ಮೇಲೆ ಕೈಗುಣ ಕೆಟ್ಟೋಯ್ತು ಅಂತ ಸುಮ್ನೆ ಹೇಳ್ಬುಡು. ನನ್ ಮಾತ್ರೆ ನನ್ಗೆ ಕೊಡು" ಎಂದು ಜಗಳಕ್ಕೇ ಬಂದಳು. ಎಲ್ಲಕ್ಕಿಂತ ನೋವಾದದ್ದು ಇವಳ ಮಾತು. ಅಷ್ಟು ನಂಬಿಕೆಯನ್ನು ನಾನು ಒಂದು ಮಾತ್ರೆಯಿಂದ ಕೊಂಡುಕೊಂಡಿದ್ದೆ.

ಅದೇ ವಾರ ಗೋಡೆಯ ಸರ್ಟಿಫಿಕೇಟು ಇಳಿಸಿ ಅದರ ಒಡೆಯನಿಗೆ ಕಳಿಸಿದೆ. ಲೈಸೆನ್ಸು ಹಿಂದಿರುಗಿಸಿ, ಅಂಗಡಿ ಮುಚ್ಚಿದೆ. "ಹಸು ಇದೆ, ಡೇರಿ ಇದೆ, ನೋಡ್ಕೊಳಾಣ" ಎಂದಳು ಹೆಂಡತಿ. ಕಾಲೇಜನ್ನೂ ಬಿಡೋಣ ಎನಿಸಿತ್ತು. ಗೋಡೆಯೇ ಖಾಲಿಯಾದ ಮೇಲೆ ಹೆಸರು ಯಾಕೆ? ಮೇಡಂ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಹಾಜರಿ ಪುಸ್ತಕ ಹತ್ತಿರ ಎಳೆದುಕೊಂಡು, "ಹಾಜರಿ ಹಾಕಿದ್ದು ನಾನು" ಎಂದರು. ಕಣ್ಣು ತುಂಬಿತ್ತು. ನನ್ನ ತಪ್ಪು ಅವರ ಮೇಲೂ ಚೆಲ್ಲಿತ್ತು. ಅವತ್ತೇ ಬಿಡುವ ಯೋಚನೆ ಬಿಟ್ಟೆ. ಮರುದಿನ ಬಾಗಿಲ ಪಕ್ಕದ ಬೆಂಚಿನಿಂದ ಎದ್ದು ಗೋಡೆ ಪಕ್ಕದ ಬೆಂಚಿಗೆ ಹೋದೆ. ಅಲ್ಲಿಂದ ಏಳಬೇಕಾದರೆ ಎಲ್ಲರನ್ನೂ ಏಳಿಸಬೇಕು. ಕೊನೆಯ ಪೀರಿಯಡ್ಡಿನಲ್ಲಿ ಹುಡುಗರು, "ಅಂಕಲ್, ಬಸ್ಸು!" ಎಂದು ಪಿಸುಗುಟ್ಟುತ್ತಿದ್ದರು. ಬೆಲ್ಲು ಹೊಡೆಯುವವರೆಗೆ ಕೂತಿರುತ್ತಿದ್ದೆ. ದಣಿವು ಏನೂ ಕಡಿಮೆಯಾಗಲಿಲ್ಲ. ಬೆಳಗ್ಗೆ ಸಗಣಿ ಬಾಚಿ, ಹಾಲು ಕರೆದು ಹೋಗುತ್ತಿದ್ದೆ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸಾದೆ.

ಪರೀಕ್ಷೆ ಮುಗಿದ ಮೇಲೆ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆಯಬೇಕು. ಹೋಗದೆಯೇ ತರಬೇತಿಯ ಸರ್ಟಿಫಿಕೇಟು ಹೊಂದಿಸಿಕೊಡುವವರೂ ಇದ್ದಾರೆ; ನಾನು ಅತ್ತ ನೋಡಲಿಲ್ಲ. ನನಗೆ ಸಿಕ್ಕಿದ್ದು ಅಕ್ಕನನ್ನು ಸೇರಿಸಿದ್ದ ಹೊಸಕೋಟೆಯ ಅದೇ ಆಸ್ಪತ್ರೆ. ಔಷಧಿ ಕೊಡುವ ಕಿಟಕಿಯ ಒಳಗೆ, ಅಲ್ಲಿನ ಫಾರ್ಮಸಿಸ್ಟಿನ ಪಕ್ಕ ನಿಂತು, ಚೀಟಿ ಓದಿ ಮಾತ್ರೆ ಎಣಿಸುವುದು, ಕವರಿನ ಮೇಲೆ ಹೆಸರು, ಹೊತ್ತು ಬರೆದು ಕೊಡುವುದು. ಅವನು ನನಗಿಂತ ಬಹಳ ಕಿರಿಯ.

ಒಂದು ಬೆಳಗ್ಗೆ ಕಿಟಕಿಯ ಕಂಡಿಯೊಳಗೆ ಚೀಟಿ ಹಿಡಿದ ಕೈಯೊಂದು ಬಂತು. ಬೆರಳ ಸಂದಿಯಲ್ಲಿ ಮಣ್ಣು, ಉಗುರಿನಲ್ಲಿ ಸೊಪ್ಪಿನ ಹಸಿರು. ಮುಖ ನೋಡುವ ಮುಂಚೆಯೇ ಗೊತ್ತಾಯಿತು. ಅಕ್ಕನ ಮುಖ ಇಳಿದಿತ್ತು. ಅವಳಿಗೆ ಮಾತ್ರೆ ಇನ್ನೂ ನಿಂತಿರಲಿಲ್ಲ. ಡಾಕ್ಟರು ಬಹಳ ನಿಧಾನವಾಗಿ ಇಳಿಸುತ್ತಿದ್ದರು. ಊರಿನಲ್ಲಿ ಅವಳು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಿದ್ದಳು. ಅಂದಿನ ತನಕ ಅವಳ ಎದುರು ನಿಲ್ಲುವ ಧೈರ್ಯ ನನಗೂ ಆಗಿರಲಿಲ್ಲ.

ಅವಳೂ ನೋಡಿದಳು. ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇರೆ ಯಾರೂ ಇಲ್ವಾ?"

"ಟೀಗೆ ಹೋಗವ್ರೆ ಅಕ್ಕ. ಬರ್ತಾರೆ. ನಿಲ್ತೀಯಾ?"

ಹಿಂದೆ ಸಾಲು ಇತ್ತು. ಜನ ಗೊಣಗಿದರು. ಅವಳು ಮೊಣಕಾಲು ಹಿಡಿದುಕೊಂಡು ಒಂದು ಗಳಿಗೆ ನಿಂತು, ಚೀಟಿಯನ್ನು ಒಳಗೆ ತಳ್ಳಿದಳು. ನಾನು ಓದಿದೆ, ಮತ್ತೊಮ್ಮೆ ಓದಿದೆ. ಮಾತ್ರೆಯನ್ನು ಶೀಟಿನ ಸಮೇತ ಕತ್ತರಿಸಿ ಕವರಿಗೆ ಹಾಕಿ, ಹೆಸರು ಬರೆದೆ. ಬೆಳಗ್ಗೆ ತಿಂಡಿ ಆದ ಮೇಲೆ ಒಂದು, ಬೇರೆ ಹೊತ್ತು ಇಲ್ಲ, ಡಾಕ್ಟರು ಹೇಳುವವರೆಗೆ ನಿಲ್ಲಿಸಬಾರದು ಎಂದು ಹೇಳಿದೆ. ಆಮೇಲೆ, "ಅಕ್ಕ, ನನ್ನದು ತಪ್ಪಾಯ್ತು" ಎಂದೆ. ಕಿಟಕಿಯ ಕಂಡಿ ಔಷಧಿಯ ಕವರಿಗಷ್ಟೇ ಸಾಕಾಗುವಷ್ಟು ಸಣ್ಣದು. ಆ ಮಾತು ಅದರಲ್ಲಿ ಹೊರಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ.

ಅಕ್ಕ ಕವರು ತೆಗೆದುಕೊಂಡಳು, ಆದರೆ ಹೋಗಲಿಲ್ಲ. ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ಕಾದಳು. ಕಿರಿಯ ಫಾರ್ಮಸಿಸ್ಟು ಟೀ ಮುಗಿಸಿ ಬಂದಾಗ ಕವರನ್ನು ಅವನ ಮುಂದೆ ಹಿಡಿದಳು.

"ಇವ್ನು ಕೊಟ್ಟಿದ್ನ ಒಂದ್ ಕಿತ ನೋಡಪ್ಪ."

ಅವನು ಚೀಟಿ ನೋಡಿದ, ಶೀಟು ತಿರುಗಿಸಿ ನೋಡಿದ, ನನ್ನ ಬರಹ ಓದಿದ. "ಸರಿಯಾಗಿದೆ ಅಮ್ಮ."

"ಹೆಸ್ರು ಬರ್ದವ್ನಾ?"

"ಬರ್ದಿದ್ದಾರೆ."

ಅವಳಿಗೆ ಓದಲು ಬರುವುದಿಲ್ಲ. ಆದರೂ ಕವರಿನ ಮೇಲೆ ನಾನು ಬರೆದ ಅಕ್ಷರಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನನ್ನ ಕಡೆ ತಿರುಗದೆ, ಮೆಲ್ಲಗೆ ಮೆಟ್ಟಿಲು ಇಳಿದು ಹೋದಳು.

ನಾನು ಮುಂದಿನವರ ಚೀಟಿ ತೆಗೆದುಕೊಂಡೆ. ಮಾತ್ರೆ ಎಣಿಸಿ, ಹೆಸರು ಬರೆದು, ಕೊಡುವ ಮೊದಲು ಕಿರಿಯನ ಮುಂದೆ ಇಟ್ಟೆ.

"ಇದೂನೂ ಒಂದ್ಸಲ ನೋಡಪ್ಪ."